ಹಳು ನುಗ್ಗಿದವರ ಪಾಲು

ನಮ್ಮ ಕೇರಿಯಲ್ಲಿ ಯಾರ ಹೆಸರಿಗೂ ಕೋವಿ ಇರಲಿಲ್ಲ. ಈಗಲೂ ಇಲ್ಲ. ಆದರೆ ತೀರ್ಥಹಳ್ಳಿ ಕಡೆಯ ನಮ್ಮ ಸೀಮೆಯಲ್ಲಿ ಕೇಪಿನ ಕೋವಿಗೆ ಮದ್ದು ತುಂಬುವುದರಲ್ಲಿ ನಮ್ಮ ಅಜ್ಜನನ್ನು ಮೀರಿಸಿದವರಿಲ್ಲ ಅಂತ ಇವತ್ತೂ ಹೇಳ್ತಾರೆ.

ಕೋವಿ ಇಲ್ಲದೆಯೇ, ಬರೀ ಬಾಯಲ್ಲಿ ನಮಗದನ್ನು ಕಲಿಸಿದ್ದ. ಮೊದಲು ನಳಿಗೆಯ ಬಾಯಿಂದ ಮಸಿ. ಮಸಿ ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಅರೆದ ಕರಿ ಪುಡಿ. ಅದರ ಮೇಲೆ ತೆಂಗಿನ ನಾರಿನ ಉಂಡೆ. ಗಜ ಹಾಕಿ ಜಡಿಯಬೇಕು, ಗಜ ಪುಟಿದು ಮೇಲೆ ಬರೋವರೆಗೂ. ಆಮೇಲೆ ಹಕ್ಕಿಗಾದರೆ ಸಣ್ಣ ಚರೆ, ಕಾಡುಕುರಿಗೆ ದೊಡ್ಡ ಚರೆ, ಕಡವೆಗೆ ಗುಂಡು. ಮತ್ತೆ ನಾರು. ಕೊನೆಗೆ ಕುದುರೆ ಎತ್ತಿ ಕೇಪು ಕೂರಿಸೋದು. "ನಾರು ಸಡಿಲಾದ್ರೆ ಗುಂಡು ಮುಂದೆ ಜಾರ್ತದೆ. ಮಸಿಗೂ ಗುಂಡಿಗೂ ಸಂದು ಬಿತ್ತೋ, ನಳಿಗೆ ಒಡೆದು ಹೊಡೆದವನ ಕೈಯೇ ಹೋಗ್ತದೆ" ಅನ್ನುತ್ತಿದ್ದ. ಮಳೆಗಾಲದಲ್ಲಿ ಕೇಪು ಥಂಡಿ ಹಿಡಿದು ಟುಸ್ಸೆನ್ನುತ್ತಿತ್ತು. ಒಂಟಿ ನಳಿಗೆಗೆ ಒಂದೇ ಈಡು. ತಪ್ಪಿದರೆ, ಆ ಹೊಗೆ ಚದುರಿ ಮತ್ತೆ ತುಂಬುವಷ್ಟರಲ್ಲಿ ಮಿಗ ಗುಡ್ಡ ದಾಟಿರುತ್ತದೆ.

ಹೀಗೆ ತುಂಬಿಕೊಟ್ಟ ಕೋವಿ ಹಿಡಿದು ಒಡೆಯರು ಬಿಲ್ಲಿಗೆ ಹೋಗಿ ಕೂರುತ್ತಿದ್ದರು. ಮಿಗ ಹಾದುಹೋಗುವ ಕಂಡಿಯಲ್ಲಿ ಕೋವಿಯವರು ಕಾದು ಕೂರುವ ಜಾಗವೇ ಬಿಲ್ಲು. ಅಜ್ಜ ಕೇರಿಯ ಗಂಡಸರ ಜೊತೆ ಕತ್ತಿ, ದೊಣ್ಣೆ ಹಿಡಿದು ಆಚೆ ತುದಿಯಿಂದ ಹಳು ನುಗ್ಗಬೇಕು. ಲಂಟಾನ, ಮುಳ್ಳು, ಜಿಗಣೆ. ಹೋ ಅಂತ ಕೂಗಬೇಕು, ಪೊದೆ ಬಡಿಯಬೇಕು, ಮಲಗಿದ ಮಿಗವನ್ನು ಎಬ್ಬಿಸಿ ಬಿಲ್ಲಿನ ಕಡೆಗೆ ಅಟ್ಟಬೇಕು. ಒಂದು ಗಳಿಗೆ ಯೋಚಿಸಿ ಗೆಳೆಯರೆ, ಕೋವಿಯ ಬಾಯಿ ಯಾವ ಕಡೆಗೆ ತಿರುಗಿದೆಯೋ ಆ ಕಡೆಯಿಂದಲೇ ನಮ್ಮವರು ಬರಬೇಕಾಗಿತ್ತು.

ಕಾಲೇಜಿನಲ್ಲಿ ನಾವು ಓದಿದ ಬೇಟೆಯ ಕತೆಗಳಲ್ಲಿ ಕತೆ ಹೇಳುವವನು ಯಾವಾಗಲೂ ಬಿಲ್ಲಿನಲ್ಲಿ ಕೂತಿರುತ್ತಿದ್ದ. ಹಳುವಿನೊಳಗಿಂದ ಬರೀ ಕೂಗು ಕೇಳುತ್ತಿತ್ತು. ಆ ಕೂಗು ನಮ್ಮ ಅಜ್ಜನದು ಅಂತ ನಮಗೆ ಗೊತ್ತಾಗಲು ಬಿ.ಎ. ಮುಗಿಯಬೇಕಾಯಿತು.

ನಮ್ಮೂರಲ್ಲಿ ಪಾಲು ಹೀಗಿತ್ತು. ಈಡು ಹೊಡೆದವರಿಗೆ ತಲೆ, ತೊಡೆ. ಕೋವಿಗೆ ಒಂದು ಪಾಲು. ನಾಯಿಗೆ ಒಂದು ಪಾಲು, ಅದು ಹೋಗುತ್ತಿದ್ದುದು ನಾಯಿಯ ಯಜಮಾನರಿಗೆ. ಹಳು ನುಗ್ಗಿದವರಿಗೆ ಕರುಳು, ಮೂಳೆ, ಮೂಳೆಗೆ ಅಂಟಿದಷ್ಟು ಬಾಡು. ಸುಳ್ಳು ಯಾಕೆ ಹೇಳೋಣ, ಅಷ್ಟೇ ಬಂದರೂ ಕೇರಿಗೆ ಅವತ್ತು ಹಬ್ಬ. ಒಲೆಯ ಮೇಲೆ ಕಟ್ಟಿ ಒಣಗಿಸಿದ ಕಡವೆ ಬಾಡಿನ ಮಾತು ಬಂದರೆ ಅಪ್ಪನ ಮುಖ ಈಗಲೂ ಅರಳುತ್ತದೆ. ತಿಂದೇ ನೋಡದ ನಮ್ಮ ಬಾಯಲ್ಲೂ ನೀರೂರುತ್ತದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿ ಶಿಕಾರಿ ಲೈಸನ್ಸನ್ನೇ ತೆಗೆದುಹಾಕಿತು. ಸರಿಯೇ, ಜಿಂಕೆ, ಕಡವೆ ಬದುಕಲಿ. ನಮ್ಮ ತಕರಾರು ಅದಲ್ಲ. ಆಮೇಲೂ ಕದ್ದು ಬೇಟೆ ನಡೆದೇ ಇತ್ತು. ಒಂದು ಸಲ ಫಾರೆಸ್ಟಿನವರು ಬಂದಾಗ ಕೋವಿ ಒಡೆಯರ ಜಗಲಿಯ ಗೋಡೆಯಲ್ಲಿ ನೇತಾಡುತ್ತಿತ್ತು. ಅದಕ್ಕೆ ಬೆಳೆ ರಕ್ಷಣೆಯ ಲೈಸನ್ಸು. ಬಾಡಿನ ಬುಟ್ಟಿ ಇದ್ದದ್ದು ನಮ್ಮ ದೊಡ್ಡಪ್ಪನ ತಲೆಯ ಮೇಲೆ. ಒಳಗೆ ಹೋದವನು ಅವನೇ. ಚುನಾವಣೆ ಬಂದಾಗ ಆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಲ್ಲ, ಹೊತ್ತುಕೊಂಡು ಹೋಗುತ್ತಿದ್ದವನು ಅಜ್ಜ. ರುಜು ಒಡೆಯರದು.

ಕೊಡಗಿನಲ್ಲಿ ಇನ್ನೊಂದು ತರ. ಕೊಡವರಾಗಿ ಹುಟ್ಟಿದವರಿಗೆ, ಜಮ್ಮಾ ಭೂಮಿ ಇದ್ದವರಿಗೆ ಬ್ರಿಟಿಷರ ಕಾಲದಿಂದಲೂ ಕೋವಿಗೆ ಲೈಸನ್ಸಿನ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ತೋಟದ ಲೈನುಮನೆಯ ಯರವನಿಗೆ ಆ ಹುಟ್ಟೂ ಇಲ್ಲ, ಆ ಭೂಮಿಯೂ ಇಲ್ಲ. ನಮಗೇನೂ ಕೋವಿ ಬೇಕಾಗಿಲ್ಲ. ಕೋವಿ ಯಾರ ಕೈಗೆ, ಬುಟ್ಟಿ ಯಾರ ತಲೆಗೆ ಅಂತ ಬರೆದವರು ಯಾರು ಅಂತಷ್ಟೇ ಕೇಳುತ್ತಿದ್ದೇವೆ.

ಮೂರು ವರ್ಷದ ಹಿಂದೆ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. ಆದರೆ ತೊಡೆಯೊಳಗೆ ಐದು ಬಿಳಿ ಚುಕ್ಕಿ. "ಇದೇನಜ್ಜ?" ಅಂದರು ಡಾಕ್ಟರು. "ಅದು ಮೊದ್ಲಿಂದ್ಲೂ ಇದೆ ಸ್ವಾಮಿ" ಅಂದ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆವು, ಯಾರು ಹೊಡೆದದ್ದು ಅಂತ.

"ಸತ್ತೋದ್ರು ಬಿಡ್ರಾ." ಸುಮಾರು ಹೊತ್ತು ಕಿಟಕಿಯಾಚೆ ನೋಡುತ್ತ ಕೂತ. ಆಮೇಲೆ, "ಹಳುವೊಳಗೆ ಅಲ್ಲಾಡಿದ್ದು ಕಾಡುಕುರಿ ಅಂತ ಕಂಡಿತ್ತಂತೆ ಅವ್ರಿಗೆ."

"ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?"

"ಹೋದ್ರೆ ಕೇಸಾಗ್ತಿತ್ತು, ಅವ್ರ ಲೈಸನ್ಸು ಹೋಗ್ತಿತ್ತು. ನಿಮ್ಮಜ್ಜಿ ಅರಿಶಿನ ಮೆತ್ತಿದ್ಲು. ಸಂಜೆ ಇನ್ನೊಬ್ರ ಈಡಿಗೆ ಕಾಡುಕುರಿ ಬಿತ್ತು ಕಣ್ರಾ. ಅವತ್ತೊಂದು ದಿನ ನಮ್ಮನೆಗೆ ಇಡೀ ತೊಡೆ ಕಳ್ಸಿದ್ರು."

ನಾವು ಏನೂ ಹೇಳಲಿಲ್ಲ. ಅಜ್ಜನೇ ತನ್ನ ತೊಡೆ ಸವರಿಕೊಳ್ಳುತ್ತ ಅಂದ:

"ಬೆಳಿಗ್ಗೆ ಮಸಿ ತುಂಬಿಕೊಟ್ಟಿದ್ದು ನಾನೇ ಅಲ್ವಾ. ನಾರು ಗಟ್ಟಿಯಾಗೇ ಜಡ್ದಿದ್ದೆ."