ಅರವತ್ತು ಗಂಟೆಗಳ ವಿದ್ಯೆ

ಮನುಷ್ಯನು ತಾನು ಬದುಕಿದ್ದೇನೆಂದು ಕಾಗದಪತ್ರಗಳ ಮೂಲಕ ರುಜುವಾತು ಮಾಡಬೇಕಾದ ಕಾಲವಿದು. ನಿವೃತ್ತರಾದ ನಮ್ಮ ತಂದೆಯವರು ಪ್ರತಿ ನವೆಂಬರಿನಲ್ಲಿಯೂ ಬ್ಯಾಂಕಿಗೆ ಹೋಗಿ, ಬೆರಳೊತ್ತಿ, ತಾವಿನ್ನೂ ಈ ಲೋಕದಲ್ಲಿಯೇ ಇರುವುದಾಗಿ ದೃಢಪಡಿಸಿ ಬರುತ್ತಾರೆ. ಅವರದು ವರ್ಷಕ್ಕೊಮ್ಮೆ, ನನ್ನದು ಮೂರು ವರ್ಷಕ್ಕೊಮ್ಮೆ. ಅವರು ತಾವು ಉಸಿರಾಡುತ್ತಿರುವುದನ್ನು ತೋರಿಸಿದರೆ ಸಾಕು. ನಾನಾದರೋ ನನ್ನ ಬುದ್ಧಿ ಇನ್ನೂ ಉಸಿರಾಡುತ್ತಿದೆಯೆಂದು ತೋರಿಸಬೇಕು. ಇವೆರಡರಲ್ಲಿ ಯಾವುದು ಕಷ್ಟವೆಂಬುದನ್ನು ಐವತ್ತು ದಾಟಿದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಹಾಗೆಂದರೇನೆಂದು ಊರಿನ ಸೋದರತ್ತೆ ಒಮ್ಮೆ ಕೇಳಿದರು. "ಕೆಲಸ ಮಾಡುವವರು ಬೇರೆ ಇರುತ್ತಾರೆ ಅತ್ತೆ, ಯಾವಾಗ ಮುಗಿಯುತ್ತದೆ ಎಂದು ಕೇಳುವವನು ನಾನು" ಎಂದೆ. "ಅಷ್ಟಕ್ಕೂ ಓದಬೇಕೇನೋ?" ಎಂದರು ಆಕೆ. ಓದಬೇಕು. ೧೯೬೯ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಕುಳಿತು, ೧೯೮೪ರಿಂದ ಇದಕ್ಕೊಂದು ಪರೀಕ್ಷೆ ನಡೆಸುತ್ತ ಬಂದಿದೆ. ತೇರ್ಗಡೆಯಾದವರು ಹೆಸರಿನ ಮುಂದೆ ಪಿ.ಎಂ.ಪಿ. ಎಂಬ ಮೂರಕ್ಷರ ಬರೆದುಕೊಳ್ಳಬಹುದು. ನಾನು ಕುಳಿತ ಕಾಲದಲ್ಲಿ ನಾಲ್ಕು ಗಂಟೆ, ೨೦೦ ಪ್ರಶ್ನೆ. ೨೦೨೧ರಲ್ಲಿ ಪ್ರಶ್ನೆಗಳನ್ನು ೧೮೦ಕ್ಕೆ ಇಳಿಸಿದರು. ಕಷ್ಟವನ್ನು ಇಳಿಸಿದಂತೆ ಕಾಣಲಿಲ್ಲವೆಂದು ಆಮೇಲೆ ಬರೆದ ಹುಡುಗರು ಹೇಳುತ್ತಾರೆ.

ಪರೀಕ್ಷೆಯೇನೋ ಒಂದು ದಿನದ ಮಾತು. ಸ್ವಾರಸ್ಯವಿರುವುದು ಅದರಾಚೆ. ನಾನು ಪಡೆದ ಬಿ.ಇ. ಪದವಿ ಸ್ವಂತ ಮನೆಯಿದ್ದಂತೆ. ಗೋಡೆಯ ಸುಣ್ಣ ಉದುರಿದ್ದರೂ ನನ್ನದೇ, ಖಾಲಿ ಮಾಡೆನ್ನುವವರಿಲ್ಲ. ಪಿ.ಎಂ.ಪಿ. ಎಂಬುದು ಬಾಡಿಗೆಯ ಮನೆ. ಮೂರು ವರ್ಷಕ್ಕೊಮ್ಮೆ ಕರಾರು ಹೊಸದಾಗಬೇಕು. ಹಣದ ಬಾಡಿಗೆಯ ಜೊತೆಗೆ ವಿದ್ಯೆಯ ಬಾಡಿಗೆಯನ್ನೂ ಕಟ್ಟಬೇಕು. ಈ ವಿದ್ಯೆಯ ನಾಣ್ಯಕ್ಕೆ ಪಿ.ಡಿ.ಯು. ಎಂದು ಹೆಸರು. ಒಂದು ಗಂಟೆ ಕಲಿತರೆ ಒಂದು ನಾಣ್ಯ. ಮೂರು ವರ್ಷಕ್ಕೆ ೬೦ ಆಗಬೇಕು. ಚಿಲ್ಲರೆಯೂ ಉಂಟು: ಹದಿನೈದು ನಿಮಿಷ ಕಲಿತವನಿಗೆ ಕಾಲು ನಾಣ್ಯ.

ಅರವತ್ತನ್ನು ಮನಬಂದಂತೆ ಗಳಿಸುವ ಹಾಗಿಲ್ಲ. ಕನಿಷ್ಠ ೩೫ ಕಲಿಕೆಯಿಂದ ಬರಬೇಕು. ಆ ಕಲಿಕೆಗೊಂದು ತ್ರಿಕೋಣ. ೨೦೧೫ರ ಸುಮಾರಿಗೆ ಬಂದದ್ದು, ೨೦೨೨ರಲ್ಲಿ ಅದರ ಮೂಲೆಗಳಿಗೆ ಹೊಸ ನಾಮಕರಣವಾಯಿತು. ಕೆಲಸ ಮಾಡುವ ಕ್ರಮ ಒಂದು ಮೂಲೆ, ಜನರೊಡನೆ ಹೊಂದಿ ನಡೆಯುವ ಶಕ್ತಿ ಇನ್ನೊಂದು, ವ್ಯಾಪಾರದ ತಿಳಿವಳಿಕೆ ಮತ್ತೊಂದು. ಒಂದೊಂದರಲ್ಲಿಯೂ ೮ಕ್ಕೆ ಕಡಮೆಯಾಗಬಾರದು. ಇನ್ನೊಬ್ಬರಿಗೆ ಕಲಿಸಿದ್ದು, ಉಪನ್ಯಾಸ ಕೊಟ್ಟದ್ದು, ಸ್ವಯಂಸೇವೆ ಮಾಡಿದ್ದು, ಇವೆಲ್ಲ ಸೇರಿ ೨೫ಕ್ಕೆ ಮೀರುವಂತಿಲ್ಲ. ಆ ಇಪ್ಪತ್ತೈದರೊಳಗೆ ಒಂದು ಮೋಜಿನ ಸಾಲಿದೆ: 'ನೀವು ನಿಮ್ಮ ಉದ್ಯೋಗವನ್ನು ಮಾಡಿದ್ದಕ್ಕೆ' ಹೆಚ್ಚೆಂದರೆ ೮. ನೋಡಿ, ಮೂರು ವರ್ಷ ಗಿರಾಕಿಗಳ ಕೋಪ, ಹುಡುಗರ ರಾಜೀನಾಮೆ, ರಾತ್ರಿ ಎರಡು ಗಂಟೆಯ ದೂರವಾಣಿ, ಇವೆಲ್ಲವನ್ನೂ ಹೊತ್ತು ದುಡಿದದ್ದಕ್ಕೆ ಎಂಟು! ಎಂಟು ಗಂಟೆ ಕುರ್ಚಿಗೊರಗಿ ಭಾಷಣ ಕೇಳಿದವನಿಗೂ ಅಷ್ಟೇ ಎಂಟು. ಮೊದಲು ಇದನ್ನೋದಿ ನಗು ಬಂತು. ಆಮೇಲೆ ಯೋಚಿಸಿದರೆ ಇದರಲ್ಲೊಂದು ನ್ಯಾಯವಿದೆಯೆನಿಸಿತು. ಮೂವತ್ತು ವರ್ಷ ಅನುಭವವಿದೆ ಎನ್ನುವವರಲ್ಲಿ ಕೆಲವರದು ಒಂದು ವರ್ಷದ ಅನುಭವ, ಮೂವತ್ತು ಸಲ ನಕಲು ಮಾಡಿದ್ದು. ನೀವೂ ಅಂಥವರನ್ನು ಕಂಡಿರಬಹುದು. ಬಹುಶಃ ಅವರ ಕೈಕೆಳಗೆ ದುಡಿದೂ ಇರಬಹುದು.

ಈ ಪದ್ಧತಿ ನಮ್ಮೊಬ್ಬರಿಗೇ ಬಂದ ಪಾಡಲ್ಲ. ವೈದ್ಯರಿಗೂ ಲೆಕ್ಕಪರಿಶೋಧಕರಿಗೂ ಕಲಿಕೆಯ ಗಂಟೆಗಳ ಲೆಕ್ಕವಿದೆ. ಹತ್ತು ವರ್ಷದ ಹಿಂದೆ ಓದಿದ್ದನ್ನೇ ನೆಚ್ಚಿಕೊಂಡ ವೈದ್ಯನ ಕೈಗೆ ನಾಡಿ ಕೊಡಲು ಯಾರಿಗೆ ತಾನೆ ಮನಸ್ಸಾದೀತು? ಆದ್ದರಿಂದ ಕಲಿಯಬೇಕೆಂಬುದರಲ್ಲಿ ನನ್ನ ತಕರಾರಿಲ್ಲ. ಕಲಿತದ್ದನ್ನು ಗಡಿಯಾರದಿಂದ ಅಳೆಯಬಹುದೆ ಎಂಬುದಷ್ಟೇ ನನ್ನ ಸಂಶಯ.

ಗಡಿಯಾರದ ವಿದ್ಯೆ ಹೇಗಿರುತ್ತದೆಂಬುದನ್ನು ನೋಡಬೇಕಾದರೆ ಅವಧಿಯ ಕೊನೆಯ ತಿಂಗಳಿನಲ್ಲಿ ನಮ್ಮವರ ಮನೆಗಳಿಗೆ ಬರಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು. ಅದರೊಳಗೆ ಯಾರೋ ಮಹನೀಯರು ನಾಯಕತ್ವದ ಏಳು ಗುಣಗಳನ್ನು ವಿವರಿಸುತ್ತಿದ್ದಾರೆ. ಅವರ ಬಾಯಿ ಆಡುತ್ತಿದೆ, ದನಿಯಿಲ್ಲ. ದನಿಯನ್ನು ಯಜಮಾನರು ಅಡಗಿಸಿದ್ದಾರೆ. ಯಜಮಾನರು ಪಕ್ಕದಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾರೆ. ರವೆ ಕೆಂಪಗಾಗುವ ಹೊತ್ತಿಗೆ ಒಂದು ಪಿ.ಡಿ.ಯು. ಪಕ್ವವಾಗಿರುತ್ತದೆ. ಇನ್ನು ಮೂರನೆಯ ವರ್ಷದಲ್ಲಿ ಹೆಚ್ಚಾಗಿ ಗಳಿಸಿದ್ದರಲ್ಲಿ ೨೦ನ್ನು ಮುಂದಿನ ಅವಧಿಗೆ ಒಯ್ಯಬಹುದಾದ್ದರಿಂದ, ಸರ್ಕಾರಿ ನೌಕರರು ರಜೆಯನ್ನು ಕೂಡಿಡುವಂತೆ ವಿದ್ಯೆಯನ್ನು ಕೂಡಿಡುವ ಜಾಣರೂ ಉಂಟು.

ಹಾಗೆಂದು ಎಲ್ಲವೂ ಉಪ್ಪಿಟ್ಟಿನ ವಿದ್ಯೆಯಲ್ಲ. ಬೆಂಗಳೂರಿನಲ್ಲಿ ಆ ಸಂಸ್ಥೆಯ ಶಾಖೆಯೊಂದಿದೆ. ಅಲ್ಲಿಯ ಒಂದು ಸಭೆಗೆ ನಾಣ್ಯದಾಸೆಯಿಂದಲೇ ಹೋದ ನಾನು, ಸೇತುವೆಗಳನ್ನು ಕಟ್ಟುವ ಹಿರಿಯರೊಬ್ಬರ ಮಾತು ಕೇಳಿ ಬೆರಗಾದೆ. ಕೆಲಸ ತಡವಾಗುವುದು ಕೊನೆಯಲ್ಲಲ್ಲ, ಮೊದಲಲ್ಲಿ. ಕೊನೆಯಲ್ಲಿ ಅದು ಕಣ್ಣಿಗೆ ಬೀಳುತ್ತದೆ ಅಷ್ಟೆ, ಎಂದರು. ನಮ್ಮ ಸಾಫ್ಟ್‌ವೇರಿಗೂ ಇದು ಅಕ್ಷರಶಃ ನಿಜ. ಆ ಒಂದು ಮಾತಿಗಾಗಿ ಸಂಚಾರದಟ್ಟಣೆಯಲ್ಲಿ ಎರಡು ಗಂಟೆ ಕಳೆದದ್ದು ಸಾರ್ಥಕವೆನಿಸಿತು. ದಟ್ಟಣೆಯ ಗಂಟೆಗಳಿಗೆ ಪಿ.ಡಿ.ಯು. ಕೊಡುವ ಏರ್ಪಾಡು ಮಾತ್ರ ಇನ್ನೂ ಆಗಿಲ್ಲ; ಆದರೆ ಬೆಂಗಳೂರಿಗರು ಮೂರು ತಿಂಗಳಲ್ಲಿ ಅರವತ್ತನ್ನು ಮುಗಿಸಿಬಿಡುತ್ತಿದ್ದರು.

ಈಗ ನಗುವಿನ ಮಾತು ಸಾಕು. ನನ್ನ ಗೆಳೆಯನೊಬ್ಬನ ವಿಷಯ ಹೇಳುತ್ತೇನೆ. ಒಂದೇ ವರ್ಷ ಪರೀಕ್ಷೆ ಮಾಡಿದವರು ನಾವು. ಕಂಪನಿ ಬೇರೆ ಬೇರೆ. ಅವನ ಅವಧಿಯ ಕೊನೆಯ ವರ್ಷ ತಾಯಿ ಹಾಸಿಗೆ ಹಿಡಿದರು. ಒಬ್ಬನೇ ಮಗ. ಆಸ್ಪತ್ರೆ, ಕಚೇರಿ, ಔಷಧದಂಗಡಿ, ಈ ಮೂರರ ನಡುವೆ ಓಡಾಡುತ್ತ ಅರವತ್ತರಲ್ಲಿ ಇಪ್ಪತ್ತೆರಡು ಉಳಿದೇಹೋಯಿತು. ನಿಯಮದಂತೆ ಪ್ರಮಾಣಪತ್ರ ಅಮಾನತಿಗೆ ಹೋಯಿತು. ಅಮಾನತಿನ ಅವಧಿ ಒಂದು ವರ್ಷ. ಅದರೊಳಗೆ ಬಾಕಿ ತೀರಿಸಿದರೆ ಪತ್ರ ಹಿಂದಿರುಗುತ್ತದೆ, ಇಲ್ಲವಾದರೆ ಮತ್ತೆ ಮೊದಲಿನಿಂದ ಪರೀಕ್ಷೆ. ಅಲ್ಲಿಯವರೆಗೆ ಹೆಸರಿನ ಮುಂದೆ ಆ ಮೂರಕ್ಷರ ಹಾಕುವಂತಿಲ್ಲ. ಅವನು ನಡೆಸುತ್ತಿದ್ದ ಕೆಲಸ ವಿದೇಶದ ಗಿರಾಕಿಯದು. ಪತ್ರವಿದ್ದವನೇ ಮುಖ್ಯಸ್ಥನಾಗಿರಬೇಕೆಂದು ಕರಾರಿನಲ್ಲಿ ಬರೆದಿತ್ತು. ಒಂದು ಸೋಮವಾರ ಅವನ ಕುರ್ಚಿಯಲ್ಲಿ ಬೇರೊಬ್ಬರು ಕುಳಿತರು. ಕಂಪನಿಯವರು ಕೆಟ್ಟವರೆಂದು ಅವನು ಎಂದೂ ಹೇಳಲಿಲ್ಲ. "ಅವರು ಕರಾರನ್ನು ಓದಿದರು, ನನ್ನನ್ನು ಓದಲಿಲ್ಲ" ಎಂದನಷ್ಟೆ.

ಆ ವರ್ಷ ಅವನು ರಾತ್ರಿಯ ಹೊತ್ತು ತಾಯಿಯ ಮಂಚದ ಪಕ್ಕದಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದೊಂದೇ ಉಪನ್ಯಾಸ ಕೇಳಿದ. ಒಂದು ರಾತ್ರಿಯ ಉಪನ್ಯಾಸ 'ಇನ್ನೊಬ್ಬರ ಮಾತನ್ನು ಮನಸ್ಸಿಟ್ಟು ಕೇಳುವುದು ಹೇಗೆ' ಎಂಬ ವಿಷಯದ್ದು. ಕಾಲು ಗಂಟೆ ಆಗಿರಬೇಕು. ಅನೇಕ ದಿನಗಳಿಂದ ಮಾತಿಲ್ಲದೆ ಮಲಗಿದ್ದ ತಾಯಿಯ ತುಟಿ ಅಲುಗಿದಂತೆ ಕಂಡಿತು. ಇಯರ್‌ಫೋನ್ ತೆಗೆದು ಬಾಗಿದ. ಆಕೆ ತೀರ್ಥಹಳ್ಳಿಯ ತವರಿನ ಅಂಗಳವನ್ನು, ಅಲ್ಲಿ ಹರಡುತ್ತಿದ್ದ ಅಡಕೆಯನ್ನು, ತೀರಿಹೋದ ತಂಗಿಯನ್ನು ಕುರಿತು ತಡೆತಡೆದು ಮಾತನಾಡಿದರು. ಅವನು ಕೇಳಿದ. ಅಷ್ಟು ದೀರ್ಘವಾಗಿ ಆಕೆ ಮಾತನಾಡಿದ್ದು ಅದೇ ಕಡೆಯ ಸಲ.

"ಆ ಉಪನ್ಯಾಸವನ್ನು ಆಮೇಲೆ ಮುಗಿಸಿದೆಯಾ?" ಎಂದು ಕೇಳಿದೆ.

"ಇಲ್ಲ ಕಣೋ. ಕಾಲು ಗಂಟೆ ಕೇಳಿದ್ದೆ. ಕಾಲು ಅಂತಲೇ ಬರೆದೆ."

ಒಂದು ಎಂದು ಬರೆದಿದ್ದರೆ ಅಡ್ಡಿ ಮಾಡುವವರಿರಲಿಲ್ಲ. ಸಂಸ್ಥೆಯವರು ಅಲ್ಲೊಬ್ಬ ಇಲ್ಲೊಬ್ಬರನ್ನು ಆರಿಸಿ ದಾಖಲೆ ಕೇಳುತ್ತಾರೆ. ಉಳಿದದ್ದೆಲ್ಲ ನಂಬಿಕೆಯ ಮೇಲೆಯೇ ನಡೆಯುತ್ತದೆ. ಉಳಿದ ಮುಕ್ಕಾಲು ಗಂಟೆಯಲ್ಲಿ ಅವನು ಆ ವಿದ್ಯೆಯನ್ನು ಕಲಿತದ್ದಷ್ಟೇ ಅಲ್ಲ, ಅದರಲ್ಲಿ ಉತ್ತೀರ್ಣನೂ ಆಗಿದ್ದ. ಆದರೆ ಅದನ್ನು ಬರೆಯಲು ತ್ರಿಕೋಣದಲ್ಲಿ ಜಾಗವಿಲ್ಲ. ಅವನ ಪತ್ರ ಗಡುವಿನೊಳಗೆ ಹಿಂದಿರುಗಿತು. ಕುರ್ಚಿ ಹಿಂದಿರುಗಲಿಲ್ಲ. ಈಗ ಬೇರೊಂದು ಚಿಕ್ಕ ಕಂಪನಿಯಲ್ಲಿದ್ದಾನೆ. ಅವನ ಕೈಕೆಳಗಿನ ಹುಡುಗರು ಕೆಲಸ ಬಿಟ್ಟು ಹೋಗುವುದು ಅಪರೂಪ.

ಅಂಕಕ್ಕೆ ಸಿಕ್ಕದ ಇನ್ನೊಂದು ಪಾಠ ನನಗೆ ಸಿಕ್ಕಿದ್ದು ನಮ್ಮ ಮನೆಗೆ ಮಹಡಿ ಕಟ್ಟಿದ ಮೇಸ್ತ್ರಿಯಿಂದ. ಆತನ ಲೆಕ್ಕಪತ್ರವೆಲ್ಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಗೀಟುಗಳು. ತಾರಸಿಗೆ ಕಾಂಕ್ರೀಟು ಹಾಕಿ ಹತ್ತು ದಿನವಾಗಿತ್ತು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ನಮ್ಮ ಮಾವನವರು ಸೆಂಟ್ರಿಂಗ್ ಬಿಚ್ಚಿಸಲು ಅವಸರಪಡಿಸಿದರು. ಇಪ್ಪತ್ತೊಂದು ದಿನ ತುಂಬದೆ ಮೇಸ್ತ್ರಿ ಮುಟ್ಟುವವನಲ್ಲ. "ಮುಹೂರ್ತ ಬೇಕಾದರೆ ಪುರೋಹಿತರು ಬೇರೆ ಇಡ್ತಾರೆ ಸ್ವಾಮಿ. ಕಾಂಕ್ರೀಟು ಅವರ ಮಾತೂ ಕೇಳಾಕಿಲ್ಲ, ನನ್ನ ಮಾತೂ ಕೇಳಾಕಿಲ್ಲ" ಎಂದ. ಗಿರಾಕಿಯ ಆತುರಕ್ಕೂ ವಸ್ತುವಿನ ಸ್ವಭಾವಕ್ಕೂ ಜಗಳ ಬಂದಾಗ ವಸ್ತುವಿನ ಪಕ್ಷ ವಹಿಸಬೇಕೆಂದು ನಮ್ಮ ಪುಸ್ತಕಗಳೂ ಹೇಳುತ್ತವೆ. ಮಾವನವರೆದುರು ನಿಂತು ಹಾಗೆ ಹೇಳುವ ಧೈರ್ಯವನ್ನು ಪುಸ್ತಕ ಕೊಡುವುದಿಲ್ಲ, ಮೇಸ್ತ್ರಿ ಕೊಟ್ಟ.

ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ, ಇನ್ನು ಮುಂದೆಯೂ ಅಧ್ಯಯನವನ್ನು ಅಲಕ್ಷಿಸಬೇಡವೆಂದು ಗುರು ಬುದ್ಧಿ ಹೇಳುವ ಪ್ರಸಂಗ ತೈತ್ತಿರೀಯ ಉಪನಿಷತ್ತಿನಲ್ಲಿದೆ. ಆ ಗುರು ಗಂಟೆಗಳನ್ನು ಗೊತ್ತುಮಾಡಲಿಲ್ಲ, ಅಮಾನತು ಮಾಡುವೆನೆಂದು ಹೆದರಿಸಲಿಲ್ಲ. ಶಿಷ್ಯರೆಲ್ಲ ಆ ಮಾತನ್ನು ನಡೆಸಿದರೆಂದು ನಾನೇನೂ ಹೇಳಲಾರೆ. ಮನುಷ್ಯರ ಸೋಮಾರಿತನ ಉಪನಿಷತ್ತಿನಷ್ಟೇ ಹಳೆಯದು. ಇಲ್ಲದಿದ್ದರೆ ಗುರು ಆ ಮಾತನ್ನು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಲೆಕ್ಕ ಕೇಳುವವರೊಬ್ಬರಿರುವುದರಿಂದಲೇ ನನ್ನಂಥವನು ಶನಿವಾರದ ನಿದ್ರೆ ಬಿಟ್ಟು ಸಭೆಗೆ ಹೋಗುತ್ತಾನೆ, ಹೋದಾಗ ಒಮ್ಮೊಮ್ಮೆ ಸೇತುವೆಯ ಹಿರಿಯರಂಥವರು ಸಿಕ್ಕುತ್ತಾರೆ. ಆದ್ದರಿಂದ ಅರವತ್ತರ ಲೆಕ್ಕ ಇರಲಿ.

ಅದರ ಜೊತೆಗೆ ನಾನೊಂದು ಸಣ್ಣ ನೋಟುಪುಸ್ತಕ ಇಟ್ಟಿದ್ದೇನೆ. ನಿಜವಾಗಿ ತಲೆಗೆ ಹೋದದ್ದನ್ನು ಮಾತ್ರ ಅದರಲ್ಲಿ ಒಂದೊಂದು ಸಾಲಾಗಿ ಬರೆಯುವುದು. ಕಳೆದ ಅವಧಿಯಲ್ಲಿ ಸಂಸ್ಥೆಗೆ ೬೦ ಗಂಟೆಗಳ ಲೆಕ್ಕ ಒಪ್ಪಿಸಿದೆ. ಈ ಪುಸ್ತಕದಲ್ಲಿ ಹನ್ನೊಂದು ಸಾಲುಗಳಾದವು. ಸೇತುವೆಯದೊಂದು, ಮೇಸ್ತ್ರಿಯ ಮಾತನ್ನು ನೆನೆದು ಬರೆದದ್ದೊಂದು. ಹನ್ನೊಂದನೆಯದು ಗೆಳೆಯನ ಆ ಕಾಲು ಗಂಟೆ. ಮೂರು ವರ್ಷಕ್ಕೆ ಹನ್ನೊಂದು ಸಾಲು ಕಡಮೆಯೇನಲ್ಲ ಎಂದು ನನ್ನ ಎಣಿಕೆ. ಈ ಪುಸ್ತಕಕ್ಕೆ ನವೀಕರಣದ ಶುಲ್ಕವೂ ಇಲ್ಲ.