ಹೆಸರು ಹೇಳಿ ಕೂಗುವ ಪೆಟ್ಟಿಗೆ

ನಮ್ಮೂರು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ನಾನು ಚಿಕ್ಕವನಿದ್ದಾಗ ದನ ಹುಡುಕಲು ಕಾಡಿಗೆ ಹೋದವರು ದಾರಿ ತಪ್ಪಿದರೆ ‘ಕೂ...’ ಎಂದು ಕೂಗು ಹಾಕುತ್ತಿದ್ದರು. ಅಂಗಳದಲ್ಲಿ ನಿಂತ ನನ್ನಜ್ಜ ತಿರುಗಿ ಕೂ ಹಾಕುತ್ತಿದ್ದರು. ಮಳೆಗಾಲದಲ್ಲಿ ಮಾತ್ರ ಕಷ್ಟ. ಕೂಗು ಯಾವ ಗುಡ್ಡದಿಂದ ಬಂತು, ಯಾರದ್ದು, ಒಂದೂ ತಿಳಿಯುತ್ತಿರಲಿಲ್ಲ.

ಮುಂದೆ ನಾನು ಹೊಟ್ಟೆಪಾಡಿಗೆ ಸಣ್ಣ ವಿಮಾನಗಳ ರೇಡಿಯೊ ರಿಪೇರಿ ಕಲಿತೆ. ವಿಮಾನ ಹಾರಿಸಲು ಕಲಿಸುವ ಒಂದು ಶಾಲೆಯಲ್ಲಿ ಕೆಲಸ. ಅಲ್ಲಿದ್ದದ್ದು ಐದು ಪುಟ್ಟ ಸೆಸ್ನಾಗಳು. ಪ್ರತಿಯೊಂದರ ಬಾಲದೊಳಗೂ ಊಟದ ಡಬ್ಬಿಯಷ್ಟು ದೊಡ್ಡ ಕಿತ್ತಳೆ ಬಣ್ಣದ ಪೆಟ್ಟಿಗೆ. ‘ಎಮರ್ಜೆನ್ಸಿ ಲೊಕೇಟರ್ ಟ್ರಾನ್ಸ್‌ಮಿಟರ್’ ಎಂದು ಅದರ ಹೆಸರು. ನಮ್ಮ ಬಾಯಲ್ಲಿ ಬರೀ ಇಎಲ್‌ಟಿ. ನೋಡಿದವರೆಲ್ಲ ‘ಇದೇ ಬ್ಲ್ಯಾಕ್ ಬಾಕ್ಸಾ?’ ಎಂದು ಕೇಳುವರು. ಅಲ್ಲ. ಬ್ಲ್ಯಾಕ್ ಬಾಕ್ಸ್ ನಡೆದದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಇದು ‘ಇಲ್ಲಿದ್ದೇವೆ, ಬನ್ನಿ’ ಎಂದು ಕೂಗುತ್ತದೆ. ವಿಮಾನ ನೆಲಕ್ಕೆ ಬಡಿದರೆ ಒಳಗಿನ ಸ್ವಿಚ್ಚು ಆ ಹೊಡೆತಕ್ಕೆ ತಾನಾಗಿಯೇ ಆನ್ ಆಗುತ್ತದೆ. ಬಿದ್ದ ವಿಮಾನದಲ್ಲಿ ಹೆಚ್ಚಾಗಿ ಬಾಲವೇ ಉಳಿಯುವುದರಿಂದ ಅದಕ್ಕೆ ಅಲ್ಲಿ ಜಾಗ.

ಈ ಪೆಟ್ಟಿಗೆ ಏಕೆ ಬೇಕಾಯಿತು ಎಂಬ ಕಥೆ ಸಂಕಟದ್ದು. 1967ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಣ್ಣ ವಿಮಾನ ಹಿಮ ಬಿದ್ದ ಬೆಟ್ಟದ ಮೇಲೆ ಬಿತ್ತು. ಒಳಗಿದ್ದದ್ದು ಒಂದೇ ಮನೆಯ ಮೂವರು. ಬಿದ್ದಾಗ ಮೂವರೂ ಬದುಕಿದ್ದರು. ಅಪ್ಪ ಸಹಾಯ ತರುತ್ತೇನೆಂದು ಹೊರಟವರು ಮರಳಲಿಲ್ಲ. ಅಮ್ಮ, ಹದಿಹರೆಯದ ಮಗಳು ವಿಮಾನದೊಳಗೇ ಕಾದರು. ಮಗಳು ಸುಮಾರು ಎರಡು ತಿಂಗಳು ದಿನಚರಿ ಬರೆದಳು. ಆ ವಿಮಾನ ಬೇಟೆಗೆ ಬಂದವರ ಕಣ್ಣಿಗೆ ಬಿದ್ದದ್ದು ಅಕ್ಟೋಬರ್‌ನಲ್ಲಿ. ಬಿದ್ದದ್ದರಿಂದಲ್ಲ, ಯಾರಿಗೂ ಕಾಣದೆ ಹೋದದ್ದರಿಂದ ಆ ಜೀವಗಳು ಹೋದವು. ಕೆಲವು ವರ್ಷಗಳಲ್ಲಿ ಆ ದೇಶದ ಹೆಚ್ಚಿನ ಸಣ್ಣ ವಿಮಾನಗಳಿಗೆ ಈ ಪೆಟ್ಟಿಗೆ ಕಡ್ಡಾಯವಾಯಿತು.

ಕೂಗುವ ಬಾಯಿ ಬಂತು. ಕೇಳುವ ಕಿವಿ? ಅದಕ್ಕಾಗಿ ಅಮೆರಿಕ, ಕೆನಡಾ, ಫ್ರಾನ್ಸ್, ಸೋವಿಯತ್ ಒಕ್ಕೂಟ ಸೇರಿ ‘ಕಾಸ್ಪಾಸ್-ಸಾರ್‌ಸ್ಯಾಟ್’ ಎಂಬ ಉಪಗ್ರಹ ವ್ಯವಸ್ಥೆ ಕಟ್ಟಿದವು. ಅಮೆರಿಕ, ಸೋವಿಯತ್ ಮುಖ ಕೊಟ್ಟು ಮಾತಾಡದ ಕಾಲ ಅದು. ಕಳೆದುಹೋದವರನ್ನು ಹುಡುಕಲು ಮಾತ್ರ ಕೂಡಿದರು. ಮೊದಲ ಉಪಗ್ರಹ ಮೇಲೇರಿದ್ದು 1982ರ ಜೂನ್‌ನಲ್ಲಿ. ಸೆಪ್ಟೆಂಬರ್‌ನಲ್ಲಾಗಲೇ ಕೆನಡಾದಲ್ಲಿ ಬಿದ್ದ ಸಣ್ಣ ವಿಮಾನವೊಂದರ ಕೂಗು ಅದಕ್ಕೆ ಕೇಳಿಸಿತು. ಮೂವರು ಉಳಿದರು.

ಆದರೆ ಹಳೆಯ ಪೆಟ್ಟಿಗೆಯದ್ದು ನಮ್ಮ ಮಲೆನಾಡಿನ ‘ಕೂ’ ಇದ್ದಂತೆಯೇ. 121.5 ಮೆಗಾಹರ್ಟ್ಸ್‌ನಲ್ಲಿ ‘ಉಯ್ ಉಯ್’ ಎನ್ನುವುದಷ್ಟೇ ಅದಕ್ಕೆ ಗೊತ್ತು. ಯಾವ ವಿಮಾನ ಎಂದು ಹೇಳದು. ಉಪಗ್ರಹ ಲೆಕ್ಕ ಹಾಕಿ ತೋರಿಸಿದ ಜಾಗಕ್ಕೂ ನಿಜವಾದ ಜಾಗಕ್ಕೂ ಹದಿನೈದಿಪ್ಪತ್ತು ಕಿಲೋಮೀಟರ್ ವ್ಯತ್ಯಾಸ ಬರಬಹುದಿತ್ತು. ಇನ್ನು ಸುಳ್ಳು ಕೂಗುಗಳು! ಪಿಜ್ಜಾ ಬೇಯಿಸುವ ಒಲೆ, ಕ್ರೀಡಾಂಗಣದ ಸ್ಕೋರ್‌ಬೋರ್ಡ್‌ಗಳಿಂದ ಹೊರಟ ಅಲೆಗಳನ್ನೂ ಉಪಗ್ರಹ ಆರ್ತನಾದ ಎಂದುಕೊಂಡದ್ದುಂಟು. ಕೊನೆಗೆ 2009ರ ಫೆಬ್ರುವರಿ 1ರಿಂದ ಉಪಗ್ರಹಗಳ ಮೂಲಕ ಆ ಹಳೆಯ ಕೂಗಿಗೆ ಕಿವಿಗೊಡುವುದನ್ನೇ ನಿಲ್ಲಿಸಿದರು.

ಹೊಸ ಪೆಟ್ಟಿಗೆ 406 ಮೆಗಾಹರ್ಟ್ಸ್‌ನದು. ಇದು ಒಂದೇ ಸಮನೆ ಅರಚುವುದಿಲ್ಲ. ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಮಾತ್ರ, ಗಟ್ಟಿಯಾಗಿ ತನ್ನ ಗುರುತಿನ ಸಂಖ್ಯೆ ಹೇಳುತ್ತದೆ. ಜಿಪಿಎಸ್ ಜೋಡಿಸಿದ್ದರೆ ನಿಂತ ಜಾಗವನ್ನೂ ಹೇಳುತ್ತದೆ. ಹತ್ತಿರ ಬಂದವರು ಜಾಡು ಹಿಡಿಯಲೆಂದು ಹಳೆಯ ‘ಉಯ್ ಉಯ್’ ಕೂಡ ಮೆಲ್ಲಗೆ ಜೊತೆಗಿರುತ್ತದೆ. ಭಾರತದಲ್ಲಿ ಈ ಕೂಗು ಬಂದು ಸೇರುವುದು ನಮ್ಮ ಬೆಂಗಳೂರಿಗೇ, ಇಸ್ರೊದ ಕೇಂದ್ರಕ್ಕೆ. ಅಲ್ಲಿನ ಪಟ್ಟಿಯಲ್ಲಿ ಆ ಸಂಖ್ಯೆಯ ಎದುರು ವಿಮಾನ ಯಾರದ್ದು, ಯಾರಿಗೆ ಫೋನ್ ಮಾಡಬೇಕು ಎಂದು ಬರೆದಿರುತ್ತದೆ. ಬರೆದುಕೊಡಬೇಕಾದವರು ನಾವು.

ಐದೂ ವಿಮಾನಗಳಿಗೆ ಹೊಸ ಪೆಟ್ಟಿಗೆ ಕೂರಿಸಿದವನು ನಾನೇ. ಬಾಲದೊಳಗೆ ಅರ್ಧ ಮೈ ತೂರಿಸಿ, ಹೊಸ ಆಂಟೆನಾ, ಹೊಸ ವಯರು ಎಳೆದು, ಬೆನ್ನು ಹಿಡಿದುಕೊಂಡರೂ ಒಂದು ಸ್ಕ್ರೂ ಸಡಿಲ ಬಿಡಲಿಲ್ಲ. ಫಾರ್ಮ್ ತುಂಬುವುದು ಗುಮಾಸ್ತಿಕೆ ಕೆಲಸ ಎಂಬ ಅಸಡ್ಡೆ ಮಾತ್ರ ನನಗಿತ್ತು. ಶಾಲೆಯ ಆಫೀಸಿನ ನಂಬರ್ ಬರೆದೆ. ಎರಡನೆಯ ನಂಬರ್ ಕೇಳಿದ್ದರು, ಮನೆಯದ್ದು ಗೀಚಿದೆ. ಎರಡು ವರ್ಷದ ಮೇಲೆ ಆಫೀಸು ಬೇರೆ ಕಟ್ಟಡಕ್ಕೆ ಹೋಯಿತು, ಫೋನ್ ನಂಬರ್ ಬದಲಾಯಿತು. ಪಟ್ಟಿ ತಿದ್ದಿಸುವುದು ನನಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ನಾನು ತರಕಾರಿಗೆ ಹೋಗಿದ್ದೆ, ಮೊಬೈಲು ಮನೆಯಲ್ಲೇ ಚಾರ್ಜಿಗಿತ್ತು. ಮನೆಯ ಫೋನ್ ಬಡಿದುಕೊಂಡಿತು. ‘ನಿಮ್ಮ ವಿಮಾನ ಎಲ್ಲಿದೆ?’ ಎಂದರಂತೆ. ‘ನಮ್ಮಲ್ಲಿ ವಿಮಾನ ಇಲ್ಲಪ್ಪ, ಸ್ಕೂಟರಿದೆ’ ಎಂದು ನನ್ನ ಹೆಂಡತಿ ಫೋನ್ ಇಟ್ಟಳು. ಯಾರೋ ಹುಡುಗರ ತಮಾಷೆ ಎಂದುಕೊಂಡಳು. ಮತ್ತೆ ಬಂತು. ಆ ದನಿಯಲ್ಲಿದ್ದ ಅವಸರ ಕೇಳಿ ಅವಳ ಕೈ ನಡುಗಿತಂತೆ. ನಾನು ಚೀಲ ಹಿಡಿದು ಒಳಗೆ ಬಂದಾಗ ಬಾಗಿಲಲ್ಲೇ ನಿಂತಿದ್ದಳು: ‘ರೀ, ವಿಮಾನ ಕೂಗ್ತಾ ಇದೆಯಂತೆ. ಯಾರೂ ಫೋನ್ ಎತ್ತುತ್ತಿಲ್ಲವಂತೆ. ಒಳಗೆ ಯಾವ ಮಗು ಇದೆ?’

ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಒಬ್ಬಂಟಿಯಾಗಿ ಹಾರಿದ್ದ ಹತ್ತೊಂಬತ್ತರ ಹುಡುಗ ದೂರದ ಇನ್ನೊಂದು ಮೈದಾನದಲ್ಲಿ ವಿಮಾನವನ್ನು ದಡಕ್ಕೆಂದು ಇಳಿಸಿದ್ದ. ಆ ಪೆಟ್ಟಿಗೇ ಸ್ವಿಚ್ಚು ಬಿದ್ದಿತ್ತು. ಅವನಿಗೇನೂ ಆಗಿರಲಿಲ್ಲ. ನಾನು ಫೋನ್ ಹಚ್ಚಿದಾಗ ಟೀ ಕುಡಿಯುತ್ತ ಕೂತಿದ್ದ. ನಾನು ಬಯ್ಯಲಿಲ್ಲ, ಬಯ್ಯುವ ಮುಖ ಇರಲಿಲ್ಲ. ಅವನು ಬೆಟ್ಟದಲ್ಲಿ ಬಿದ್ದಿದ್ದರೆ, ಪೆಟ್ಟಿಗೆ ತನ್ನ ಕೆಲಸ ಚೊಕ್ಕವಾಗಿ ಮಾಡಿರುತ್ತಿತ್ತು. ಆ ಮುಕ್ಕಾಲು ಗಂಟೆ ಮಾತ್ರ ನನ್ನ ಲೆಕ್ಕಕ್ಕೆ ಬರುತ್ತಿತ್ತು.

ಸೋಮವಾರ ಮೊದಲ ಕೆಲಸವೇ ಐದು ಹೊಸ ಫಾರ್ಮ್. ಆಫೀಸಿನ ಹೊಸ ನಂಬರ್, ಮುಖ್ಯ ಬೋಧಕರದ್ದು, ನನ್ನ ಮೊಬೈಲಿನದು. ಮನೆಯ ನಂಬರ್ ತೆಗೆಯಲು ಹೋದರೆ ಹೆಂಡತಿ ಬಿಡಲಿಲ್ಲ. ಐದೂ ವಿಮಾನಗಳ ಅಕ್ಷರಗಳನ್ನು ನನ್ನಿಂದ ಕೇಳಿ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ದಪ್ಪಗೆ ಬರೆದು ಫೋನಿನ ಮೇಲೆ ಅಂಟಿಸಿದಳು. ನಾನು ನಿವೃತ್ತನಾಗುವವರೆಗೂ, ಸಂಜೆ ಚಪ್ಪಲಿ ಬಿಡುವ ಮೊದಲೇ, ಕೊಟ್ಟಿಗೆಗೆ ದನ ಬಂದವೇ ಎಂದು ಊರಲ್ಲಿ ಕೇಳುವ ಹಾಗೆ, ಒಳಗಿನಿಂದ ಕೇಳುತ್ತಿದ್ದಳು: ‘ಐದೂ ಬಂದ್ವಾ?’