ಕಿರಣದ ಉದ್ದ

ಮಕ್ಕಳಿಗೆ ಪಾಠ ಹೇಳಲು ಕುಳಿತ ತಂದೆಗೆ ತನ್ನ ತಿಳಿವಳಿಕೆಯ ವಿಷಯದಲ್ಲಿ ಶಂಕೆ ಹುಟ್ಟುವುದು ಅಪರೂಪ. ನನಗೂ ಹುಟ್ಟಿರಲಿಲ್ಲ.

ಕಳೆದ ತಿಂಗಳು ಒಂದು ಸಂಜೆ, ಆರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ರೇಖಾಗಣಿತದ ಪುಸ್ತಕವನ್ನು ತಂದು ಮುಂದಿಟ್ಟಳು. ಅದರಲ್ಲಿ ಎರಡು ಕೋನಗಳಿದ್ದುವು. ಒಂದರ ಭುಜಗಳು ಅರ್ಧ ಪುಟವನ್ನು ವ್ಯಾಪಿಸಿದ್ದುವು. ಇನ್ನೊಂದರವು ಒಂದಂಗುಲವೂ ಇರಲಿಲ್ಲ. ಯಾವ ಕೋನವು ದೊಡ್ಡದೆಂಬುದು ಪ್ರಶ್ನೆ. ಆಕೆಯು 'ಎರಡೂ ಸಮ' ಎಂದು ಬರೆದಿದ್ದಳು. "ಮೊದಲನೆಯದು ಅಷ್ಟು ದೊಡ್ಡದಾಗಿರುವುದು ಕಣ್ಣಿಗೆ ಕಾಣದೆ?" ಎಂದು ಗದರಿಸಿದೆನು. ಆಕೆ ಏನೋ ಹೇಳಹೊರಟು, ನನ್ನ ಮುಖವನ್ನು ನೋಡಿ, ಸುಮ್ಮನೆ ತನ್ನ ಉತ್ತರವನ್ನಳಿಸಿ ನನ್ನದನ್ನು ಬರೆದುಕೊಂಡಳು. ಮರುದಿನ ಪುಸ್ತಕವು ಆ ಉತ್ತರದ ಮೇಲೆ ಕೆಂಪು ಗೀಟನ್ನು ಹೊತ್ತು ಹಿಂದಿರುಗಿತು.

"ಅಪ್ಪಾ, ಕೋನದ ಭುಜಗಳೆಂದರೆ ಕಿರಣಗಳು. ಕಿರಣಕ್ಕೆ ಕೊನೆಯೇ ಇಲ್ಲವಲ್ಲ; ಯಾವುದು ಉದ್ದ, ಯಾವುದು ಗಿಡ್ಡ ಎನ್ನುವುದು ಹೇಗೆ?" ಎಂದಳು.

ಆ ಮಾತನ್ನು ನಾನೂ ಒಮ್ಮೆ ಕಲಿತಿದ್ದೆನು. ರೇಖಾಖಂಡಕ್ಕೆ ಎರಡು ಕೊನೆಗಳು. ಸರಳರೇಖೆಗೆ ಒಂದೂ ಇಲ್ಲ. ಕಿರಣಕ್ಕೆ ಹೊರಡುವ ಬಿಂದುವೊಂದೇ ಉಂಟು. 'ಅ' ಎಂಬ ಬಿಂದುವಿನಿಂದ ಹೊರಟು 'ಕ' ಎಂಬುದನ್ನು ಹಾಯ್ದು ಹೋಗುವುದು 'ಅಕ' ಕಿರಣ. ಹೆಸರನ್ನು ತಿರುಗಿಸಿ 'ಕಅ' ಎಂದರೆ ಹೊರಟ ಸ್ಥಳವೂ ಬೇರೆ, ದಿಕ್ಕೂ ಬೇರೆ. ಸೂರ್ಯನ ಕಿರಣವಾದರೋ ಸುಮಾರು 8 ನಿಮಿಷ 20 ಸೆಕೆಂಡುಗಳಲ್ಲಿ ಭೂಮಿಗೆ ಬಂದು ನಮ್ಮ ಗೋಡೆಗೆ ತಾಗಿ ನಿಲ್ಲುವುದು. ರೇಖಾಗಣಿತದ ಕಿರಣಕ್ಕೆ ಅಂತಹ ಗೋಡೆಯಿಲ್ಲ. ಕಾಗದದ ಮೇಲೆ ನಾವು ಎಳೆಯುವುದು ಅದರ ಮೊದಲ ತುಣುಕು ಮಾತ್ರ. ತುದಿಯ ಬಾಣದ ಗುರುತು ಮಿಕ್ಕುದನ್ನು ಸೂಚಿಸುವುದು.

ಆಕೆಯು ಕೋನಮಾಪಕವನ್ನು ಚಿಕ್ಕ ಚಿತ್ರದ ಮೇಲಿಟ್ಟಳು. ಭುಜವು ಅಂಶಗಳ ಗುರುತನ್ನು ಮುಟ್ಟಲಿಲ್ಲ. ಅಳತೆಪಟ್ಟಿಯನ್ನು ಹಿಡಿದು ಅದನ್ನು ನೇರವಾಗಿ ಬೆಳೆಸಿದಳು: 40 ಅಂಶ. ದೊಡ್ಡ ಚಿತ್ರದಲ್ಲಿಯೂ 40. ಭುಜವು ಬೆಳೆದರೂ ಕೋನವು ಕೂದಲೆಳೆಯಷ್ಟೂ ಹಿಗ್ಗಿರಲಿಲ್ಲ. ಕ್ರಿ.ಪೂ. 300ರ ಸುಮಾರಿನಲ್ಲಿದ್ದ ಯೂಕ್ಲಿಡನು, ಕೊನೆಯುಳ್ಳ ಸರಳರೇಖೆಯನ್ನು ಅದೇ ನೇರದಲ್ಲಿ ಬೆಳೆಸಬಹುದೆಂಬುದನ್ನು ಸಾಧಿಸಲು ಹೋಗದೆ, ಮೊದಲೇ ಒಪ್ಪಿಕೊಂಡು ತನ್ನ ಗ್ರಂಥವನ್ನು ಆರಂಭಿಸಿದನು. ನನ್ನ ಮಗಳು ಪೆನ್ಸಿಲಿನಿಂದ ಮಾಡಿದುದೂ ಅದೇ. ನಾನು ಭುಜಗಳ ಉದ್ದವನ್ನು ನೋಡಿದ್ದೆನು. ಆಕೆ ಅವುಗಳ ನಡುವಣ ತೆರಪನ್ನು ನೋಡಿದ್ದಳು.

ನಾನು ತಪ್ಪು ಹೇಳಿದುದು ಅಷ್ಟು ದೊಡ್ಡ ಸಂಗತಿಯಲ್ಲ. ನನ್ನ ದನಿಗೆ ಅಂಜಿ ಮಗುವು ಸರಿಯಾದುದನ್ನು ಅಳಿಸಿಹಾಕಿತಲ್ಲ, ಅದು ನನ್ನನ್ನು ನೋಯಿಸಿತು. ಕೆಂಪು ಗೀಟಿನ ಕೆಳಗೆ 'ಎರಡೂ ಸಮ' ಎಂಬ ಅಕ್ಷರಗಳು ಇನ್ನೂ ಮಸಕಾಗಿ ಕಾಣುತ್ತಿದ್ದುವು. ಪಕ್ಕದಲ್ಲಿ, 'ಉಪಾಧ್ಯಾಯರಿಗೆ: ಈ ತಪ್ಪು ಹುಡುಗಿಯದಲ್ಲ, ತಂದೆಯದು' ಎಂದು ಬರೆದೆನು. ರುಜು ಹಾಕುವಾಗ ಕೈ ಕೊಂಚ ತಡೆಯಿತು. ಮಗಳು ನೋಡುತ್ತಿದ್ದಳು, ಹಾಕಿದೆನು.

ಈಗ ಆಕೆ ಪುಸ್ತಕವನ್ನು ತಂದರೆ, ಉತ್ತರವನ್ನು ನೋಡುವ ಮೊದಲು ಆಕೆಯ ಕಾರಣವನ್ನು ಕೇಳುತ್ತೇನೆ.